ಹದಿನೇಳು ಮುರಿದ ಕುರ್ಚಿಗಳು

ಬಸ್ ನಿಲ್ದಾಣದಲ್ಲಿ ಮುರಿದ ಕುರ್ಚಿಗಳಿದ್ದದ್ದು ಹತ್ತೊಂಬತ್ತು. ಅವಳೇ ಎರಡು ಸಲ ಎಣಿಸಿದ್ದಳು. ಆದರೂ ವರದಿಯ ಒಂದು ಪ್ರತಿಯಲ್ಲಿ ಹದಿನೇಳು ಎಂದು ಬರೆದಳು, ಇನ್ನೊಂದರಲ್ಲಿ ಹದಿನೆಂಟು. ಮೂರನೆಯದರಲ್ಲಿ ಮಾತ್ರ ನಿಜ. ಪತ್ರಿಕೋದ್ಯಮದ ಎಂ.ಎ. ಓದುವವಳು ಬೇಕೆಂದೇ ತಪ್ಪು ಬರೆಯುವುದೆಂದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಆದರೆ ಕಳ್ಳರನ್ನು ಹಿಡಿಯಲು ಅವಳಿಗೆ ಬೇರೆ ದಾರಿ ಕಾಣಲಿಲ್ಲ.

ತರಗತಿಯಲ್ಲಿ ಅವಳ ಹೆಸರೇ 'ಪೊಲೀಸಮ್ಮ'. ಯಾರು ಏನು ಹೇಳಿದರೂ "ನೀನೇ ನೋಡಿದ್ಯಾ?" ಎಂದು ಕೇಳುವ ಚಾಳಿ. ಅಂಥವಳ ಮೇಲೇ ಈಗ ಕಳ್ಳತನದ ಆರೋಪ. ಗುರುವಾರ ಒಪ್ಪಿಸಬೇಕಾದ ಅವಳ ವರದಿ ಬುಧವಾರವೇ ಊರಿನ ಪತ್ರಿಕೆಯ ಓದುಗರ ಪುಟದಲ್ಲಿ ಅಚ್ಚಾಗುತ್ತಿತ್ತು. ಒಂದಲ್ಲ, ಎರಡು ಸಲ. ಆ ಪುಟದಲ್ಲಿ ಬರೆದವರ ಹೆಸರು ಹಾಕುವುದಿಲ್ಲ.

"ಪೇಪರ್ ನೋಡಿ ನಕಲು ಮಾಡಿದ್ದೀಯ ಅಂತ ಎಲ್ಲರೂ ಹೇಳ್ತಿದ್ದಾರೆ," ಎಂದಿದ್ದರು ವಿಭಾಗದ ಮುಖ್ಯಸ್ಥೆ. "ಇನ್ನೊಂದು ಸಲ ಹೀಗಾದ್ರೆ ಪರೀಕ್ಷೆಗೆ ಕೂರೋ ಹಾಗಿಲ್ಲ."

ಪತ್ರಿಕೆಯ ಕಚೇರಿಗೆ ಫೋನು ಮಾಡಿದಳು. ಸಂಪಾದಕರು ನಕ್ಕರು. "ಕಳಿಸಿದವರು ಯಾರು ಅಂತ ನಾವು ಹೇಳಲ್ಲಮ್ಮ. ಕಾಲೇಜಲ್ಲಿ ನಿಮಗೂ ಇದನ್ನೇ ಕಲಿಸಲ್ವಾ?"

ಒಪ್ಪಿಸುವ ಮುನ್ನ ವರದಿ ಇಬ್ಬರ ಕೈಗೆ ಹೋಗುತ್ತಿತ್ತು. ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಲ್ಯಾಬಿನವನಿಗೆ, ಮತ್ತು ತಪ್ಪು ತಿದ್ದಿಕೊಡುವ ಪಕ್ಕದ ಬೆಂಚಿನ ಗೆಳತಿ ಗುಬ್ಬಿಗೆ. ಗುಬ್ಬಿ ಮೂರಡಿ ಆಳು, ಮಾತು ಅದಕ್ಕಿಂತ ಕಡಿಮೆ. ಪದವಿ ಕೈತಪ್ಪಿದರೆ ಅಣ್ಣ ಬಂದು ಊರಿಗೆ ಕರೆದೊಯ್ಯುತ್ತಾನೆಂದು ದಿನವೂ ಹೆದರುವವಳು. ಓದುಗರ ಪುಟದ ಮಾತು ಬಂದರೆ ಅವಳ ಮುಖ ಕೆಂಪಗಾಗುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಭಾನುವಾರ ಮಧ್ಯಾಹ್ನ ಪೊಲೀಸಮ್ಮ ಪ್ರತಿಗಳನ್ನು ಬ್ಯಾಗಿಗೆ ಹಾಕಿದಳು. ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಮೊದಲು ಸಿಗುವವಳು ಗುಬ್ಬಿ, ಹಾಗಾಗಿ ಅವಳ ಹದಿನೇಳು ಮೇಲೆ. ಕೆಳಗೆ ಲ್ಯಾಬಿನವನ ಹದಿನೆಂಟು. ನಿಜದ ಪ್ರತಿ, ಯಾರಿಗೆ ಯಾವ ಸಂಖ್ಯೆ ಎಂಬ ಚೀಟಿಯ ಜೊತೆ, ಅಂಟಿಸಿದ ಲಕೋಟೆಯಲ್ಲಿ, ಮುಖ್ಯಸ್ಥೆಗೆ. ಮನೆಯಲ್ಲಿ ಈ ರಗಳೆಯ ಒಂದಕ್ಷರವನ್ನೂ ಹೇಳಿರಲಿಲ್ಲ. ಅಮ್ಮನಿಗೆ ಮೊದಲೇ ಬಿ.ಪಿ. ಸ್ವಲ್ಪ ಹೊತ್ತು ಮಲಗಿದಳು. ಎದ್ದಾಗ ಅಮ್ಮ ಎಲ್ಲಿಂದಲೋ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು.

"ಇಷ್ಟೊಂದು ಓದಿ ಓದಿ ಸೊರಗಿಹೋಗಿದ್ದೀಯ ಕಣೆ," ಎಂದು ತಲೆ ಸವರಿದಳು.

ಸೋಮವಾರ ಮೂರೂ ಅವರವರ ಕೈ ಸೇರಿದವು. ಬುಧವಾರ ಪತ್ರಿಕೆ ಬಂತು. ಓದುಗರ ಪುಟ. ಬಸ್ ನಿಲ್ದಾಣ. ಮುರಿದ ಕುರ್ಚಿಗಳು ಹದಿನೇಳು.

ಮುಖ್ಯಸ್ಥೆ ಲಕೋಟೆ ಒಡೆದು ಸಂಖ್ಯೆ ಹೋಲಿಸಿದರು. ಗುಬ್ಬಿಯನ್ನು ಕರೆಸಿದರು.

"ನಾನಲ್ಲ ಮೇಡಂ. ನಾನೂ ಆ ಪುಟಕ್ಕೆ ಬರೆದು ಕಳಿಸಿದ್ದು ಹೌದು, ನನ್ನದೇ ಕವನ. ಒಂದೂ ಬರಲಿಲ್ಲ." ಪಕ್ಕದಲ್ಲಿ ನಿಂತಿದ್ದ ಗೆಳತಿಯತ್ತ ತಿರುಗಿದಳು. "ನೀನಾದ್ರೂ ಹೇಳೇ. ನನ್ನ ಮಾತು ನಂಬಲ್ವಾ?"

"ಮಾತು ಯಾರು ಬೇಕಾದ್ರೂ ಆಡಬಹುದು. ನಾನು ಪುರಾವೆ ನಂಬ್ತೀನಿ."

ಗುಬ್ಬಿಯ ಹೆಸರು ಪರೀಕ್ಷೆಯ ಪಟ್ಟಿಯಿಂದ ಹೋಯಿತು. ಮರುವಾರ ಅಣ್ಣ ಬಂದ. ಹಾಸ್ಟೆಲ್ ಬಾಗಿಲಲ್ಲಿ ಅವಳು ತಿರುಗಿಯೂ ನೋಡಲಿಲ್ಲ. ಪೊಲೀಸಮ್ಮನಿಗೆ ಅಯ್ಯೋ ಅನ್ನಿಸಿತು, ಸುಳ್ಳಲ್ಲ. ಆದರೆ ಮಾಡಿದ್ದುಣ್ಣೋ ಮಹರಾಯ ಎಂದು ಸಮಾಧಾನ ಮಾಡಿಕೊಂಡಳು. ಕಳ್ಳರನ್ನು ಹಿಡಿದ ಆ ಉಪಾಯವನ್ನೇ ಪ್ರಬಂಧವಾಗಿ ಬರೆದಳು. ವಿಭಾಗಕ್ಕೆ ಮೊದಲಿಗಳಾದಳು.

ಫಲಿತಾಂಶದ ಸಂಜೆ ಅಮ್ಮ ಬಟ್ಟೆಯ ಕಪಾಟಿನಿಂದ ಒಂದು ನೋಟ್‌ಬುಕ್ ತೆಗೆದು ಅವಳ ಮಡಿಲಲ್ಲಿಟ್ಟಳು. ಒಳಗೆ ಅಂದವಾಗಿ ಕತ್ತರಿಸಿ ಅಂಟಿಸಿದ ಮೂರು ಪತ್ರಿಕಾ ತುಣುಕುಗಳು.

"ನೀನಾಗಿ ಕಳಿಸೋಳಲ್ಲ, ನಾಚಿಕೆ ನಿನಗೆ. ಅದಕ್ಕೇ ನೀನು ಮಲಗಿದ್ದಾಗ ನಾನೇ ನೋಡಿ ಬರ್ಕೊಂಡು ಪೇಪರ್ ಆಫೀಸಿನ ಡಬ್ಬಿಗೆ ಹಾಕಿ ಬರ್ತಿದ್ದೆ," ಅಮ್ಮನ ಮುಖವೆಲ್ಲ ನಗು. "ಕೊನೇ ಸಲ ಮಾತ್ರ ಬ್ಯಾಗಲ್ಲಿ ಎರಡಿದ್ವು ನೋಡು, ಯಾವುದಾದ್ರೇನು ಅಂತ ಮೇಲಿದ್ದದ್ದನ್ನೇ ತಗೊಂಡೆ."