ಕೊಟ್ಟ ಸಾಕ್ಷಿ

"ಆ ವಿಡಿಯೊ ಅಳಿಸಿಬಿಡಿ, ಪಾಸ್ಟರ್. ಅದೊಂದೇ ಕೇಳೋಕೆ ಬಂದೆ."

ಪಾಸ್ಟರ ಆಫೀಸಿನಲ್ಲಿ ಟೈಲರಮ್ಮ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಮಗ ಸತ್ತ ಮೇಲೆ ಅವಳು ಚರ್ಚಿನ ಸಭೆ ಬಿಟ್ಟಳು. ಅವಳು ಸಭೆ ಬಿಟ್ಟ ಮೇಲೆ ಊರು ಅವಳನ್ನು ಬಿಟ್ಟಿತು. ಬಟ್ಟೆ ಹೊಲಿಸುತ್ತಿದ್ದವರೆಲ್ಲ ಸಭೆಯವರೇ ಆಗಿದ್ದರು. ಒಡಹುಟ್ಟಿದ ಅಕ್ಕನೂ ಎದುರು ಸಿಕ್ಕರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದಳು. ಅದನ್ನೆಲ್ಲ ನುಂಗಿಕೊಂಡಿದ್ದಳು. ಆ ವಿಡಿಯೊ ಮಾತ್ರ ಗಂಟಲಲ್ಲೇ ನಿಂತಿತ್ತು. ಅದರಲ್ಲಿ ಅವಳು ವೇದಿಕೆಯ ಮೇಲೆ ಮಗನ ಹೆಗಲು ಹಿಡಿದು ನಿಂತು, ಪಾಸ್ಟರ್ ಪ್ರಾರ್ಥನೆ ಮಾಡಿದ ಮೇಲೆ ಮಾತ್ರೆಗಳನ್ನೆಲ್ಲ ಚರಂಡಿಗೆ ಸುರಿದೆ, ಆವತ್ತಿನಿಂದ ಒಂದು ಸಲವೂ ಫಿಟ್ಸ್ ಬಂದಿಲ್ಲ ಎಂದು ಸಾಕ್ಷಿ ಹೇಳುತ್ತಾಳೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಅದಾಗಿ ತಿಂಗಳು ತುಂಬುವ ಮುಂಚೆ, ಶಾಲೆಗೆ ಹೊರಟು ಶೂ ಹಾಕಿಕೊಳ್ಳುತ್ತಿದ್ದ ಹುಡುಗನಿಗೆ ಫಿಟ್ಸ್ ಬಂತು. ನಿಲ್ಲಲಿಲ್ಲ. ಅವಳು ಮೊದಲು ಫೋನ್ ಮಾಡಿದ್ದು ಪಾಸ್ಟರಿಗೆ, ಆಮೇಲೆ ಆಂಬುಲೆನ್ಸಿಗೆ.

ಪಾಸ್ಟರ್ ಎದ್ದು ತಾವೇ ಲೋಟಕ್ಕೆ ನೀರು ಬಗ್ಗಿಸಿ ಅವಳ ಮುಂದಿಟ್ಟರು. "ಆ ವಿಡಿಯೊ ನೋಡಿ ಎಷ್ಟು ಜನ ನಂಬಿಕೆಗೆ ಬಂದಿದಾರೆ ಗೊತ್ತಾ ತಂಗಿ?"

"ಅದ್ರಲ್ಲಿರೋದು ಸುಳ್ಳು. ನನ್ನ ಮಗ ವಾಸಿ ಆಗ್ಲಿಲ್ಲ. ಸತ್ತ."

"ಸುಳ್ಳು ಅಂತ ಯಾಕಂತೀರಿ? ಈಗ ಅವನು ಕರ್ತನ ಹತ್ರ ಇದಾನೆ. ಅಲ್ಲಿ ಫಿಟ್ಸ್ ಇಲ್ಲ, ಮಾತ್ರೆ ಇಲ್ಲ. ಪೂರ್ತಿ ವಾಸಿಯಾಗಿದಾನೆ. ನಿಮ್ಮ ಸಾಕ್ಷಿ ನಿಜಾನೇ ಆಯ್ತಲ್ಲ?"

ಅವಳು ಅವರ ಮುಖ ನೋಡಿದಳು. ಕಪಟ ಹುಡುಕಿದಳು, ಸಿಗಲಿಲ್ಲ. ಆಡಿದ ಒಂದೊಂದು ಮಾತನ್ನೂ ಅವರು ನಂಬಿದ್ದರು. ಕಣ್ಣಲ್ಲಿ ನೀರೂ ಇತ್ತು. ಮೋಸಗಾರನಾಗಿದ್ದರೆ ಬಾಯಿಗೆ ಬಂದಂತೆ ಬಯ್ದು ಹಗುರಾಗಬಹುದಿತ್ತು.

"ನಾನಾಡಿದ ಮಾತು ಪಾಸ್ಟರ್. ನಾನೇ ವಾಪಸ್ ತಗೋತಿದೀನಿ."

"ದೇವರಿಗೆ ಕೊಟ್ಟಿದ್ದನ್ನ ವಾಪಸ್ ಕೇಳಬಾರ್ದಮ್ಮ. ಬನ್ನಿ, ಪ್ರಾರ್ಥನೆ ಮಾಡೋಣ." ಅವರು ಕೈ ಎತ್ತಿದರು. ಅವಳ ತಲೆ ತಾನಾಗಿಯೇ ಬಾಗಿತು. ಬಾಗಿದ್ದು ಗೊತ್ತಾದ ಕೂಡಲೇ ಚೇಳು ಕುಟುಕಿದವಳಂತೆ ಎದ್ದು ಹೊರಗೆ ನಡೆದಳು.

ಮೆಟ್ಟಿಲ ಮೇಲೆ, ಈ ಊರಿನವಳಲ್ಲದ ಒಬ್ಬ ಹೆಂಗಸು ಮಗಳ ಕೈ ಹಿಡಿದು ಕಾಯುತ್ತಿದ್ದಳು. ಹುಡುಗಿಯ ಹಣೆಯಲ್ಲಿ ಹೊಲಿಗೆಯ ಗುರುತು, ಗಲ್ಲದಲ್ಲಿ ಇನ್ನೊಂದು. ಎಲ್ಲೆಂದರಲ್ಲಿ ಬೀಳುವ ಮಕ್ಕಳ ಗುರುತುಗಳು. ಟೈಲರಮ್ಮನಿಗೆ ಯಾರೂ ವಿವರಿಸಬೇಕಿರಲಿಲ್ಲ.

"ಅಕ್ಕಾ, ವಿಡಿಯೊದಲ್ಲಿ ಸಾಕ್ಷಿ ಹೇಳಿರೋರು ನೀವೇ ಅಲ್ವಾ?" ಹೆಂಗಸಿನ ಮುಖ ಅರಳಿತು. "ನಿಮ್ಮನ್ನ ನೋಡಿದ್ಮೇಲೇ ನಂಗೆ ಧೈರ್ಯ ಬಂದಿದ್ದು. ಇವಳಿಗೂ ಮಾತ್ರೆ ನಿಲ್ಲಿಸ್ಬಿಟ್ಟೆ. ನಿಮ್ಮ ಮಗ ಈಗ ಎಷ್ಟು ಎತ್ತರ ಆಗಿದಾನೆ?"

ಟೈಲರಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು. "ಅವನಿಲ್ಲ. ಮಾತ್ರೆ ನಿಲ್ಲಿಸಿದ್ದಕ್ಕೇ ಹೋದ. ನಿನ್ನ ಕಾಲಿಗೆ ಬೀಳ್ತೀನಿ ಕಣಮ್ಮ, ಈಗಲೇ ಇವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗು."

ಹೆಂಗಸು ಮೆಲ್ಲಗೆ ಕೈ ಬಿಡಿಸಿಕೊಂಡಳು. ಸಿಟ್ಟಾಗಲಿಲ್ಲ, ಪಾಪ ಎನ್ನುವಂತೆ ನೋಡಿದಳು.

"ಓ... ಅದು ನಿಮ್ಮ ಬಗ್ಗೆನಾ ಅಕ್ಕ? ಪಾಸ್ಟರ್ ವಿಡಿಯೊಗಳಲ್ಲಿ ಹೇಳ್ತಾನೇ ಇರ್ತಾರೆ. ಸಭೆ ಬಿಟ್ಟು ಹೋದವರು ಒಂದಿನ ಸಿಕ್ತಾರೆ, ಅತ್ತು ಕರೆದು ಹೆದರಿಸ್ತಾರೆ, ಅವರ ಬಾಯಲ್ಲಿ ಸೈತಾನ ಕೂತು ಮಾತಾಡ್ತಾನೆ, ಕಿವಿ ಕೊಡಬೇಡಿ ಅಂತ. ನೀವೇ ಅಂತ ಗೊತ್ತಿರ್ಲಿಲ್ಲ. ನಿಮಗೋಸ್ಕರ ಪ್ರಾರ್ಥನೆ ಮಾಡ್ತೀನಿ."

"ಪ್ರಾರ್ಥನೆ ಮಾಡು. ಬೇಡ ಅನ್ನಲ್ಲ. ಜೊತೆಗೆ ಮಾತ್ರೇನೂ ಕೊಡು. ನಿನ್ನ ಮಗಳು..."

ಹೆಂಗಸು ಮಗಳನ್ನು ಹತ್ತಿರಕ್ಕೆಳೆದು ಎರಡೂ ಅಂಗೈಗಳಿಂದ ಅವಳ ಕಿವಿ ಮುಚ್ಚಿದಳು. ಆಟವೆಂದುಕೊಂಡ ಹುಡುಗಿ, ಟೈಲರಮ್ಮನ ಅಲುಗುವ ತುಟಿಗಳನ್ನೇ ನೋಡುತ್ತ ಕಿಲಕಿಲ ನಕ್ಕಳು.