ಎಟುಕದ ಕೀಲಿ

ಹೊಸ ಯಂತ್ರ-ಪಿಯಾನೊದ ಕೀಲಿಗಳು ತಾವಾಗಿಯೇ ಏಳುತ್ತ ಬೀಳುತ್ತ ನುಡಿಯತೊಡಗಿದಾಗ ವರ್ನಾ ಕೈ ಚಾಚಿದರು. "ಮುಟ್ಬೇಡಿ ಅಮ್ಮಾ, ನುಡೀವಾಗ ಬೆರಳಿಟ್ರೆ ಪೆಟ್ಟಾಗುತ್ತೆ," ಎಂದು ಅದನ್ನು ಜೋಡಿಸಲು ಬಂದಿದ್ದ ಡ್ವೇನ್ ತಡೆದು, ಸ್ಟೂಲನ್ನು ಒಳಕ್ಕೆ ತಳ್ಳಿದ.

"ಮಗಳು ಕಳಿಸಿದ್ದಾಳೆ ಅಂತ ಒಂದ್ ಹಾಡು ಕೇಳ್ತೀನಪ್ಪ, ಆಮೇಲೆ ವಾಪಸ್ ತಗೊಂಡ್ಹೋಗು. ಸತ್ತ ಗಂಡ ಕೂತು ಪಿಯಾನೊ ನುಡಿಸ್ತಿದ್ದ ಜಾಗದಲ್ಲಿ ನಂಗೆ ಮಿಷನ್ ಬೇಡ."

ಎಡತುದಿಯ ಒಂದು ಕೀಲಿ ಮಾತ್ರ ಅಲುಗಲಿಲ್ಲ. ಡ್ವೇನ್ ಹಾಡು ನಿಲ್ಲಿಸಿ ಅದನ್ನು ಒತ್ತಿದ, ಸರಿಯಾಗಿಯೇ ನುಡಿಯಿತು. ಮತ್ತೆ ಹಾಡು ಹಾಕಿದ, ಕೀಲಿ ಕದಲಲಿಲ್ಲ. "ಡುಲುತ್ ಪೇಟೆಯ ನಮ್ಮ ಅಂಗಡೀಲಿ ಇದೇ ಹಾಡನ್ನ ಪೂರ್ತಿ ನುಡಿಸಿತ್ತು. ಬೇರೆ ಪಿಯಾನೊ ತಂದ್ಕೊಡ್ಲಾ?"

ಮರದ ಮಿಲ್ಲಿನಲ್ಲಿ ಎಡಗೈಯ ಕಿರುಬೆರಳು ಹೋದ ಮೇಲೆ ಗಂಡ ಲಾಯ್ಡ್‌ಗೆ ತನ್ನ ಹಳೆಯ ಪಿಯಾನೊದಲ್ಲಿ ಈ ಹಾಡು ನುಡಿಸುವಾಗ ಆ ಕೀಲಿ ಎಟುಕುತ್ತಿರಲಿಲ್ಲ. ವರ್ನಾ ಬಾಗಿ, ಒಬ್ಬರು ಕೂರುವಷ್ಟು ಜಾಗ ಬಿಟ್ಟು ಸ್ಟೂಲನ್ನು ಹೊರಕ್ಕೆಳೆದರು.

"ಬೇಡ. ಇದೇ ಇರಲಿ."