ಬರ್ತೇನಿ

“ಆಯಿ, ದರೀನಾ ಜೀವಂತ ಅದಾಳ!” ಎಂದು ಕೂಗುತ್ತ ಮೈತ್ರಿ ಫೋನು ಹಿಡಿದುಕೊಂಡೇ ಅಡುಗೆಮನೆಗೆ ನುಗ್ಗಿದಳು. ಅಜ್ಜಿ ಸಾಬವ್ವನ ಕೈಯಲ್ಲಿದ್ದ ರೊಟ್ಟಿ ಹಂಚಿಗೆ ಬೀಳುವ ಬದಲು ಒಲೆಯೊಳಗೆ ಬಿತ್ತು. ಈ ಮುದುಕಿಯ ರೊಟ್ಟಿ ಹಂಚು ತಪ್ಪಿದ್ದನ್ನು ಮಣ್ಣೂರಿನಲ್ಲಿ ಕಂಡವರಿಲ್ಲ. ಅವಳು ಒಲೆಯತ್ತ ತಿರುಗಿಯೂ ನೋಡಲಿಲ್ಲ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, “ಖರೇನಾ? ಮಾರಿ ತೋರ್ಸು, ಜಲ್ದಿ ತೋರ್ಸು,” ಎಂದು ಎದ್ದೇಬಿಟ್ಟಳು.

ದರೀನಾ ಉಕ್ರೇನಿನ ಹುಡುಗಿ, ಇನ್ನೂ ಹೈಸ್ಕೂಲು. ಮೈತ್ರಿ ಡಾಕ್ಟರಿಕೆ ಓದುತ್ತಿದ್ದ ಊರಿಗೆ ರಷ್ಯದ ಸೈನ್ಯ ಬಂದು ಕೂತಾಗ, ಹಾಸ್ಟೆಲಿನ ನೆಲಮಾಳಿಗೆಯಲ್ಲಿ ಉಪವಾಸ ಬಿದ್ದಿದ್ದ ನಮ್ಮ ದೇಶದ ಮಕ್ಕಳಿಗೆ ಬ್ರೆಡ್ಡು ತಂದುಕೊಟ್ಟವಳು. ಜೊತೆಗೆ ಅವಳ ತರಗತಿಯ ಹುಡುಗ ಓಸ್ತಾಪ. ಇಬ್ಬರ ಶಾಲೆಯ ಚೀಲದಲ್ಲೂ ಮೇಲೆ ಬ್ರೆಡ್ಡು, ತಳದಲ್ಲಿ ತಮ್ಮ ಬಾವುಟದ ಬಣ್ಣದ ಹಳದಿ-ನೀಲಿ ರಿಬ್ಬನ್ನು. ಬಂದೂಕಿನವರ ಕಣ್ಣು ತಪ್ಪಿಸಿ ಬ್ರೆಡ್ಡು ನೆಲಮಾಳಿಗೆಯ ಕಿಟಕಿಗೆ ಬರುತ್ತಿತ್ತು, ರಿಬ್ಬನ್ನು ಬೀದಿಯ ಮರಗಳಿಗೆ ಹೋಗುತ್ತಿತ್ತು. ಊರು ಇನ್ನೂ ತಮ್ಮದೇ ಎಂದು ಹೇಳಲು ಆ ಎರಡು ಮಕ್ಕಳಿಗಿದ್ದ ದಾರಿ ಅದೊಂದೇ. ಸಿಕ್ಕಿಬಿದ್ದರೆ ಗತಿಯೇನೆಂದು ಅವಕ್ಕೆ ಗೊತ್ತಿರಲಿಲ್ಲವೆಂದಲ್ಲ.

ಮೈತ್ರಿ ಹೇಗೋ ಮನೆ ಸೇರಿದಳು. ಅಲ್ಲಿಂದಾಚೆಗೆ ಸುದ್ದಿಯೇ ನಿಂತುಹೋಗಿತ್ತು. ಸಾಬವ್ವನಿಗೆ ಒಂದೇ ಕೊರಗು. “ನನ್ನ ಮೊಮ್ಮಗಳಿಗೆ ತುತ್ತು ಕೊಟ್ಟ ಹುಡುಗಿ. ಥ್ಯಾಂಕ್ಸರೆ ಅಂದಿಯಿಲ್ಲ?” ಎಂದು ಮೈತ್ರಿಯ ಜೊತೆ ಎಷ್ಟು ಸಲ ಜಗಳ ತೆಗೆದಿದ್ದಳೋ. ಅಂದಿದ್ದೆನೋ ಇಲ್ಲವೋ, ಮೈತ್ರಿಗೆ ನೆನಪೇ ಆಗುತ್ತಿರಲಿಲ್ಲ. ಈಗ ಸೈನ್ಯ ಆ ಊರು ಬಿಟ್ಟು ಹೋಗಿದೆಯಂತೆ, ಫೋನು ಹತ್ತಿದೆ.

ಪರದೆಯ ಮೇಲೆ ಉಣ್ಣೆ ಟೋಪಿಯೊಳಗಿನ ಬಿಳಿಚಿದ ಮುಖ ಕಂಡದ್ದೇ ತಡ, ಸಾಬವ್ವ ಇಷ್ಟು ದಿನ ಕೂಡಿಟ್ಟುಕೊಂಡಿದ್ದ ಮಾತೆಲ್ಲ ಹಾರಿಹೋಯಿತು. ಕಣ್ಣು ತುಂಬಿ ಬಂತು. “ನಿನ್ನ ಹೊಟ್ಟಿ ತಣ್ಣಗಿರ್ಲಿ, ನನ್ನ ತಾಯಿ!” ಎಂದಳು.

ಮೈತ್ರಿ ಪೇಚಿಗೆ ಸಿಕ್ಕಳು. ಕರೆಂಟಿಲ್ಲದ ಮನೆಯಲ್ಲಿ ನಡುಗುತ್ತ ಕೂತ ಹುಡುಗಿಗೆ ಹೊಟ್ಟೆ ತಣ್ಣಗಿರಲಿ ಎಂದು ಯಾವ ಬಾಯಿಂದ ಹೇಳುವುದು? ಅಜ್ಜಿ ಥ್ಯಾಂಕ್ಸ್ ಹೇಳುತ್ತಿದ್ದಾಳೆ ಎಂದಷ್ಟೇ ಅವರ ಭಾಷೆಯಲ್ಲಿ ಹೇಳಿದಳು. ದರೀನಾಳ ಮುಖ ಅರಳಿತು. ಎದೆಯ ಮೇಲೆ ಕೈಯಿಟ್ಟು, ಅಚ್ಚ ಕನ್ನಡದಲ್ಲಿ, “ಬರ್ತೇನಿ, ಬರ್ತೇನಿ!” ಎಂದಳು.

“ಅಯ್ಯ! ಈಗ್‌ರೆ ಬಂದಾಳ, ಆಗಲೇ ಹೊಂಟಳೇನು?” ಸಾಬವ್ವ ಗಾಬರಿಯಾದಳು.

ಆ ಕಡೆಯ ಹುಡುಗಿ ಪಟಪಟನೆ ಏನೋ ಹೇಳುತ್ತಿತ್ತು. ಕೇಳುತ್ತ ಕೇಳುತ್ತ ಮೈತ್ರಿ ಬಾಯಿಗೆ ಕೈ ಅಡ್ಡ ಹಿಡಿದಳು. “ಆಯಿ, ಬ್ರೆಡ್ ಇಸ್ಕೊಂಡು ಒಳಗ ಹೋಗೂ ಮುಂದ ನಾ ಬರ್ತೇನಿ ಅಂತಿದ್ನೆಲ್ಲ, ಅದಕ್ಕ ಥ್ಯಾಂಕ್ಸ್ ಅಂತ ಅರ್ಥ ಅಂತ ತಿಳದಾಳ. ಸೈನಿಕರಿಗೆ ಇವರ ಭಾಷಾ ತಿಳೀತಿತ್ತಂತ. ಅದಕ್ಕ ಈ ಹುಡುಗರು ಗುಟ್ಟಿನ ಮಾತು ಅಂತ ಇದನ್ನೇ ಇಟ್ಕೊಂಡಿದ್ರಂತ. ಬರ್ತೇನಿ ಅಂದವರಿಗೆ ಅಷ್ಟೇ ಬಾಗಿಲ ತೆಗೀತಿದ್ರಂತ.”

ಸಾಬವ್ವ ಕಣ್ಣೀರು ಒರೆಸಿಕೊಳ್ಳುವುದನ್ನೂ ಮರೆತು ನಕ್ಕಳು. “ಅಷ್ಟ್ ದೊಡ್ಡ ಫೌಜಿಗೆ ನಮ್ಮ ಮಣ್ಣೂರ ಮಾತು ತಿಳೀಲಿಲ್ಲ ನೋಡು! ಆದ್ರ ಹುಡುಗಿಗೆ ಖರೇ ಅರ್ಥ ಹೇಳು. ಹೊಂಟಾಗ ಹೋಗ್ತೇನಿ ಅನ್ನಬಾರ್ದು, ಬರ್ತೇನಿ ಅನ್ಬೇಕು. ಹೊಳ್ಳಿ ಬರ್ತೇನಿ ಅಂತ.”

ಮೈತ್ರಿ ಹೇಳಿದಳು. ದರೀನಾಳ ನಗು ನಿಂತುಹೋಯಿತು. ಆಮೇಲೆ ಅವಳು ಹೇಳಿದ್ದನ್ನು ಮೈತ್ರಿ ಕನ್ನಡಕ್ಕೆ ತಂದಳು.

“ಓಸ್ತಾಪಗ ಸೈನಿಕರು ಹಿಡ್ಕೊಂಡು ಹೋಗ್ಯಾರಂತ ಆಯಿ. ಇನ್ನೂ ಪತ್ತೆ ಇಲ್ಲ. ಗಾಡಿ ಹತ್ತೂ ಮುಂದ ಅವರವ್ವನ ಮಾರಿ ನೋಡಿ ಬರ್ತೇನಿ ಅಂದನಂತ. ಹಂಗಂದ್ರ ಏನಂತ ಅವ್ವ ಕೇಳಿದ್ಲಂತ, ದರೀನಾ ಥ್ಯಾಂಕ್ಸ್ ಅಂತ ಹೇಳ್ಯಾಳ. ನನ್ನ ಮಗ ಥ್ಯಾಂಕ್ಸ್ ಹೇಳಿ ಎಲ್ಲಾ ಮುಗಿಸಿ ಹೋದ ಅಂತ ಆ ತಾಯಿ ದಿನಾ ಅಳಾಕತ್ತಾಳಂತ.” ಮೈತ್ರಿ ದನಿ ತಗ್ಗಿಸಿದಳು. “ಆದ್ರ ಅವ ಥ್ಯಾಂಕ್ಸ್ ಅಂತಾನೇ ಅಂದಿರ್ಬೇಕಲ್ಲ ಆಯಿ.”

“ಅವ ಏನರೆ ತಿಳ್ಕೊಂಡಿರ್ಲಿ,” ಎಂದಳು ಸಾಬವ್ವ. “ಮಾತು ನಮ್ದು. ಅಂದಾನಂದ್ರ ಬರಬೇಕು.”

ಮೈತ್ರಿ ಅದನ್ನು ಹಾಗೆಯೇ ಹೇಳಿದಳು. ದರೀನಾ ಕೂತಲ್ಲಿಂದ ಎದ್ದೇಬಿಟ್ಟಳು. ಬರ್ತೇನಿ ಎಂದವರಿಗೆ ಮನೆಯವರು ಏನೆನ್ನಬೇಕು ಎಂದು ಕೇಳಿದಳು.

“ಬಾ ಅನ್ಬೇಕು. ಅಷ್ಟ,” ಎಂದಳು ಸಾಬವ್ವ. ಕೊಡಬೇಕು ಕೊಡಬೇಕು ಎಂದು ಇಷ್ಟು ದಿನ ಹಂಬಲಿಸಿದವಳಿಗೆ, ಕೊಡಲು ಒಂದಕ್ಷರ ಸಿಕ್ಕಿತ್ತು.

ಹುಡುಗಿ ಫೋನು ಕಟ್ ಮಾಡುವುದನ್ನೂ ಮರೆತು ಹೊರಗೆ ಓಡಿದಳು. ಪರದೆಯಲ್ಲಿ ಆಕಾಶ, ಮುರಿದ ಕಿಟಕಿ, ಬಣ್ಣ ಮಾಸಿದ ರಿಬ್ಬನ್ನಿನ ಮರಗಳು ತಲೆಕೆಳಗಾಗಿ ಹಾದುಹೋದವು. ಮರೆತೀತೆಂಬ ಭಯಕ್ಕೆ ದಾರಿಯುದ್ದಕ್ಕೂ “ಬಾ, ಬಾ,” ಎಂದು ಬಾಯಿಪಾಠ ಮಾಡುತ್ತಿದ್ದಳು. ಓಸ್ತಾಪನ ಮನೆಯ ಬಾಗಿಲು ತೆರೆಯಿತು. ದರೀನಾ ಏದುಸಿರಿನಲ್ಲಿ ಏನೇನೋ ಹೇಳಿದಳು. ಸಾಬವ್ವ ಫೋನನ್ನು ಮೊಮ್ಮಗಳ ಕೈಯಿಂದ ತೆಗೆದುಕೊಂಡು ಕಿವಿಗೆ ಒತ್ತಿ ಹಿಡಿದಳು.

ಅಲ್ಲಿಂದ, ಅತ್ತು ಅತ್ತು ಒಡೆದಿದ್ದ ಹೆಂಗಸಿನ ದನಿಯೊಂದು, ಯಾರನ್ನೋ ಮನೆಯೊಳಗೆ ಕರೆಯುವಂತೆ, ಮೆಲ್ಲಗೆ “ಬಾ” ಎಂದಿತು.